ಓದುಗರ ಪ್ರಶ್ನೆ, ನಮ್ಮ ಉತ್ತರ: ಘಟ್ಟದ ಮೇಲಿನ ರೂಟರ್, ಘಟ್ಟದ ಕೆಳಗಿನ ರೂಟರ್

ಕಳೆದ ಎರಡು ತಿಂಗಳಲ್ಲಿ ಬಂದ ಪತ್ರಗಳಲ್ಲಿ ರೂಟರ್‌ಗೆ ವಿಪಿಎನ್ (ಇಂಟರ್ನೆಟ್ ಮೂಲಕವೇ ಎರಡು ಜಾಗಗಳ ನಡುವೆ ಹಾಕುವ ಗೂಢ ಸುರಂಗ) ಜೋಡಿಸುವ ಕುರಿತವೇ ಹೆಚ್ಚಾಗಿದ್ದುದರಿಂದ ಈ ಸಲದ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. ಮೊದಲ ಪತ್ರದ ತೊಡಕಿನಲ್ಲಿ ಉಳಿದ ಹಲವರ ತೊಡಕೂ ಸೇರಿಕೊಂಡಿದೆ. ಅದಕ್ಕೆ ಉತ್ತರ ಉದ್ದವಾದುದಕ್ಕೆ ಅದೇ ಕಾರಣ.

ಪ್ರಶ್ನೆ: ಶಿರಸಿಯಲ್ಲಿ ನಮ್ಮದೊಂದು ಅಡಿಕೆ ವಖಾರಿ ಇದೆ, ಕುಮಟೆಯಲ್ಲಿ ತಮ್ಮನ ಅಂಗಡಿ ಇದೆ. ಲೆಕ್ಕಪತ್ರವೆಲ್ಲ ವಖಾರಿಯ ಕಂಪ್ಯೂಟರ್‌ನಲ್ಲಿದೆ. ಕುಮಟೆಯಿಂದ ಅದನ್ನು ನೋಡಲೆಂದು ಪರಿಚಯದ ಹುಡುಗನೊಬ್ಬ ರಿಮೋಟ್ ಡೆಸ್ಕ್‌ಟಾಪ್‌ನ ಪೋರ್ಟ್ (ಹೊರಗಿನಿಂದ ಒಳಬರುವ ಬಾಗಿಲು) ತೆರೆದುಕೊಟ್ಟಿದ್ದ. ಹಳೆಯ ಸಂಪರ್ಕ ಇರುವವರೆಗೆ ಅದು ನಡೆಯಿತು, ಫೈಬರ್ ಹಾಕಿಸಿದ ಮೇಲೆ ನಿಂತಿತು. ಈಗ ಎರಡೂ ಕಡೆ ಹೊಸ ರೂಟರ್ ತಂದು ವೈರ್‌ಗಾರ್ಡ್ ಎಂಬ ಬಗೆಯ ವಿಪಿಎನ್ ಹಾಕಿದ್ದೇವೆ. ರೂಟರ್‌ನ ಪುಟದಲ್ಲಿ ಹಸಿರು ಗುರುತು ಕಾಣುತ್ತದೆ, ಆದರೆ ಆ ಕಡೆಯ ಕಂಪ್ಯೂಟರ್ ಮಾತ್ರ ಸಿಗುವುದಿಲ್ಲ. ಶಿರಸಿಯ ರೂಟರ್‌ನ ಹೊರಗಿನ ವಿಳಾಸ 100.83 ಎಂದು ಶುರುವಾಗುತ್ತದೆ. ಒಳಗಿನ ವಿಳಾಸ ಎರಡೂ ಕಡೆ 192.168.1 ಎಂದೇ ಇದೆ. ತಪ್ಪು ಎಲ್ಲಿದೆ?
– ಅಡಿಕೆ ವ್ಯಾಪಾರಿ, ಶಿರಸಿ

ಉತ್ತರ: ನೀವು ಎರಡೂ ವಿಳಾಸಗಳನ್ನು ಬರೆದು ಕಳಿಸಿದ್ದು ಒಳ್ಳೆಯದಾಯಿತು, ಏಕೆಂದರೆ ನಿಮ್ಮ ಎರಡು ತಪ್ಪುಗಳೂ ಆ ಎರಡು ಅಂಕಿಗಳಲ್ಲೇ ಇವೆ. ವಿಪಿಎನ್ ಎಂದೊಡನೆ ಎಲ್ಲರೂ ಕೀ, ಪಾಸ್‌ವರ್ಡ್, ಗೂಢಲಿಪಿ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ನನಗೆ ಬರುವ ಪತ್ರಗಳನ್ನು ನೋಡಿದರೆ, ಸಮಸ್ಯೆ ಇರುವುದು ಹೆಚ್ಚಾಗಿ ವಿಳಾಸದಲ್ಲಿ: ಯಾರು ಯಾರನ್ನು ಹುಡುಕಿಕೊಂಡು ಹೋಗಬಲ್ಲರು ಎಂಬುದರಲ್ಲಿ.

ಮೊದಲು 100.83ರ ವಿಷಯ. 100.64ರಿಂದ 100.127ರವರೆಗಿನ ವಿಳಾಸಗಳನ್ನು 2012ರಲ್ಲಿ ಒಂದೇ ಉದ್ದೇಶಕ್ಕಾಗಿ ತೆಗೆದಿರಿಸಲಾಯಿತು. ಹಳೆಯ ಮಾದರಿಯ ಐಪಿ ವಿಳಾಸಗಳ ಜಾಗತಿಕ ದಾಸ್ತಾನು 2011ರ ಫೆಬ್ರುವರಿಯಲ್ಲೇ ಹಂಚಿ ಮುಗಿದಿತ್ತು. ಆದ್ದರಿಂದ ಇಂಟರ್ನೆಟ್ ಕಂಪನಿಗಳು ಗ್ರಾಹಕರಿಗೆ ಈ ಒಳವಿಳಾಸಗಳನ್ನು ಕೊಟ್ಟು, ನೂರಾರು ಮನೆಗಳನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸುವುದು ರೂಢಿಯಾಯಿತು. ಇದಕ್ಕೆ ಸಿಜಿನ್ಯಾಟ್ ಎನ್ನುತ್ತಾರೆ. ಈ ವ್ಯವಸ್ಥೆಯಲ್ಲಿ ನೀವು ಹೊರಗೆ ಹೋಗಿ ಏನನ್ನಾದರೂ ಕೇಳಿದರೆ ಉತ್ತರ ಸರಿಯಾಗಿ ನಿಮಗೇ ಬರುತ್ತದೆ. ಆದರೆ ಹೊರಗಿನವರು ತಾವಾಗಿ ನಿಮ್ಮನ್ನು ಹುಡುಕಿಕೊಂಡು ಬಂದರೆ, ಆ ನೂರಾರು ಮನೆಗಳಲ್ಲಿ ಯಾವ ಮನೆಗೆ ಎಂದು ಹೇಳುವವರಿಲ್ಲದೆ ಬಾಗಿಲಲ್ಲೇ ನಿಲ್ಲುತ್ತಾರೆ. ಫೈಬರ್ ಹಾಕಿಸಿದ ಮೇಲೆ ಹಳೆಯ ಪೋರ್ಟ್ ಕೆಲಸ ನಿಲ್ಲಿಸಿದ್ದು ಇದೇ ಕಾರಣಕ್ಕೆ. ಅದು ನಿಂತದ್ದು ನಿಮ್ಮ ಪುಣ್ಯವೆಂದೇ ನಾನು ಹೇಳುತ್ತೇನೆ. ರಿಮೋಟ್ ಡೆಸ್ಕ್‌ಟಾಪ್‌ನ 3389ನೇ ಪೋರ್ಟನ್ನು ಹಗಲು ರಾತ್ರಿ ತಡಕುವ ಯಂತ್ರಗಳು ಲೋಕದ ತುಂಬ ಇವೆ, ಮತ್ತು ಕಡತಗಳಿಗೆ ಬೀಗ ಜಡಿದು ಹಣ ಕೇಳುವವರು ಒಳನುಗ್ಗುವ ದಾರಿಗಳಲ್ಲಿ ಅದೂ ಒಂದು. ಪೋರ್ಟ್ ಸಂಖ್ಯೆ ಬದಲಿಸಿದರೂ ಅವುಗಳಿಗೆ ಸಿಗದೆ ಇರುವುದಿಲ್ಲ. ರೂಟರ್‌ನಲ್ಲಿ ಆ ನಿಯಮ ಇನ್ನೂ ಉಳಿದಿದ್ದರೆ ಇಂದೇ ಅಳಿಸಿಬಿಡಿ.

ಈಗ ಕುಮಟೆಯ ರೂಟರ್‌ನ ಸ್ಥಿತಿಪುಟ ತೆರೆದು, ಅಲ್ಲಿನ ಹೊರಗಿನ ವಿಳಾಸವನ್ನು, ‘ನನ್ನ ಐಪಿ ಯಾವುದು’ ಎಂದು ತೋರಿಸುವ ಯಾವುದಾದರೂ ಜಾಲತಾಣ ಹೇಳುವ ವಿಳಾಸದೊಂದಿಗೆ ಹೋಲಿಸಿ. ಎರಡೂ ಒಂದೇ ಆಗಿದ್ದರೆ ಕುಮಟೆಗೆ ಸಾರ್ವಜನಿಕ ವಿಳಾಸವಿದೆ ಎಂದರ್ಥ. ಹಾಗಿದ್ದರೆ ನಿಮ್ಮ ಕೆಲಸ ಅರ್ಧ ಮುಗಿದಂತೆ: ಕುಮಟೆಯ ರೂಟರ್ ಕಾಯುವ ಕಡೆಯಾಗಲಿ, ಶಿರಸಿಯದು ಹೋಗಿ ಕದ ತಟ್ಟುವ ಕಡೆಯಾಗಲಿ. ಲೆಕ್ಕಪತ್ರ ವಖಾರಿಯಲ್ಲಿದೆ, ಆದ್ದರಿಂದ ವಖಾರಿಯ ರೂಟರೇ ಸರ್ವರ್ ಆಗಬೇಕು ಎಂಬುದು ಬಹುಜನರ ತಪ್ಪು ತಿಳಿವಳಿಕೆ. ಒಮ್ಮೆ ಸಂಪರ್ಕ ಏರ್ಪಟ್ಟರೆ ಎರಡೂ ದಿಕ್ಕಿನಲ್ಲಿ ಓಡಾಟ ಸಾಧ್ಯ. ಮೊದಲು ಯಾರು ಕರೆದರು ಎಂಬುದು ಆಮೇಲೆ ಲೆಕ್ಕಕ್ಕಿಲ್ಲ.

ಎರಡೂ ಕಡೆ ಸಿಜಿನ್ಯಾಟ್ ಇದ್ದರೆ ಏನು ಮಾಡುವುದು? ಕಂಪನಿಗೆ ಹೆಚ್ಚುವರಿ ಶುಲ್ಕ ಕೊಟ್ಟು ಒಂದು ಕಡೆಗೆ ಸ್ಥಿರ ಸಾರ್ವಜನಿಕ ವಿಳಾಸ ಪಡೆಯುವುದು ಅತಿ ಸರಳವಾದ ದಾರಿ, ವ್ಯಾಪಾರಕ್ಕೆ ನಾನು ಸೂಚಿಸುವುದೂ ಅದನ್ನೇ. ಎರಡೂ ಸಂಪರ್ಕಗಳಲ್ಲಿ ಐಪಿವಿ6 (ಹೊಸ ಮಾದರಿಯ ಐಪಿ) ವಿಳಾಸ ಸಿಗುತ್ತಿದ್ದರೆ ಸುರಂಗದ ಹೊರಮೈಯನ್ನು ಅದರ ಮೇಲೆ ಹಾಯಿಸಿ, ಒಳಗೆ ಹಳೆಯ ವಿಳಾಸಗಳನ್ನೇ ಇಟ್ಟುಕೊಳ್ಳಬಹುದು. ಸಿಜಿನ್ಯಾಟ್‌ನ ಗೊಡವೆಯೇ ಇರುವುದಿಲ್ಲ. ಅದೂ ಇಲ್ಲವಾದರೆ ಮುಂಬೈ ಅಥವಾ ಬೆಂಗಳೂರಿನ ಡೇಟಾ ಸೆಂಟರ್‌ನಲ್ಲಿ ಸಣ್ಣದೊಂದು ಕಂಪ್ಯೂಟರನ್ನು ಬಾಡಿಗೆಗೆ ಹಿಡಿದು ಎರಡೂ ರೂಟರ್‌ಗಳು ಅದನ್ನೇ ಕರೆಯುವಂತೆ ಮಾಡಬೇಕು, ಇಲ್ಲವೇ ವೈರ್‌ಗಾರ್ಡ್ ಆಧಾರದ ಮೇಲೇ ಕಟ್ಟಿದ ಟೇಲ್‌ಸ್ಕೇಲ್‌ನಂಥ ಸೇವೆಯನ್ನು ಬಳಸಬೇಕು. ಬಾಡಿಗೆ ಕಂಪ್ಯೂಟರನ್ನು ನೋಡಿಕೊಳ್ಳುವವರು ಮನೆಯಲ್ಲಿ ಇಲ್ಲದಿದ್ದರೆ ಆ ದಾರಿ ಹಿಡಿಯಬೇಡಿ.

ಇನ್ನು ಎರಡನೆಯ ತಪ್ಪು. ಎರಡೂ ಕಡೆ 192.168.1 ಇದ್ದಾಗ, ಕುಮಟೆಯ ಕಂಪ್ಯೂಟರ್ 192.168.1.10ನ್ನು ಕೇಳಿದರೆ ಅದು ತನ್ನ ಅಂಗಡಿಯೊಳಗೇ ಹುಡುಕುತ್ತದೆ, ಸುರಂಗದ ಕಡೆ ತಿರುಗಿಯೂ ನೋಡುವುದಿಲ್ಲ. ಶಿರಸಿಯದನ್ನು 192.168.20 ಎಂದೂ ಕುಮಟೆಯದನ್ನು 192.168.30 ಎಂದೂ ಬದಲಿಸಿ. ಬದಲಿಸುವಾಗ ಆಯಾ ಊರಿನಲ್ಲೇ, ಆಯಾ ರೂಟರ್‌ನ ಎದುರಿಗೇ ಕುಳಿತಿರಿ. ಶಿರಸಿಯಲ್ಲಿ ಕುಳಿತು ಸುರಂಗದ ಮೂಲಕವೇ ಕುಮಟೆಯ ರೂಟರ್‌ನ ವಿಳಾಸ ಬದಲಿಸಲು ಹೋಗಿ, ‘ಉಳಿಸು’ ಒತ್ತಿದ ಕ್ಷಣದಲ್ಲೇ ಸುರಂಗ ಕಡಿದುಕೊಂಡು, ಮರುದಿನ ಬೆಳಗಿನ ಬಸ್ಸಿಗೆ ದೇವಿಮನೆ ಘಟ್ಟ ಇಳಿದು ಹೋದವನು ಈ ಉತ್ತರ ಬರೆಯುತ್ತಿರುವವನೇ. ಅಂಗಡಿಯ ಬಾಗಿಲು ತೆರೆಯುವುದು ಹತ್ತು ಗಂಟೆಗೆ ಎಂಬುದೂ ಆಗಲೇ ಗೊತ್ತಾದದ್ದು.

ವೈರ್‌ಗಾರ್ಡ್‌ನ ಭರ್ತಿಗೆ ಬರೋಣ. ಪ್ರತಿ ರೂಟರ್‌ನಲ್ಲೂ ಒಂದು ಖಾಸಗಿ ಕೀ, ಒಂದು ಸಾರ್ವಜನಿಕ ಕೀ ಹುಟ್ಟುತ್ತವೆ. ಖಾಸಗಿಯದು ಆ ರೂಟರ್ ಬಿಟ್ಟು ಕದಲಬಾರದು, ಸಾರ್ವಜನಿಕವಾದುದನ್ನು ಎದುರಿನ ರೂಟರ್‌ನಲ್ಲಿ ತುಂಬಬೇಕು. ಸುರಂಗಕ್ಕೆಂದೇ ಬೇರೆ ವಿಳಾಸಗಳನ್ನು ಕೊಡಿ: ಶಿರಸಿಗೆ 10.9.0.1, ಕುಮಟೆಗೆ 10.9.0.2. ‘ಅಲೌಡ್ ಐಪಿ’ ಎಂಬ ಕಾಲಮ್ಮಿನಲ್ಲಿ ಹೆಚ್ಚಿನವರು ಎಡವುತ್ತಾರೆ. ಅಲ್ಲಿ ತುಂಬಬೇಕಾದದ್ದು ಎದುರಿನ ಕಡೆಯಲ್ಲಿ ಯಾವ ಯಾವ ವಿಳಾಸಗಳಿವೆಯೋ ಅವನ್ನು: ಶಿರಸಿಯ ರೂಟರ್‌ನಲ್ಲಿ 10.9.0.2/32 ಮತ್ತು 192.168.30.0/24, ಕುಮಟೆಯ ರೂಟರ್‌ನಲ್ಲಿ 10.9.0.1/32 ಮತ್ತು 192.168.20.0/24 (/32 ಎಂದರೆ ಆ ಒಂದೇ ವಿಳಾಸ, /24 ಎಂದರೆ ಆ ಜಾಲದ ಎಲ್ಲ ವಿಳಾಸಗಳು). ಬಳಕೆಯ ಕೈಪಿಡಿಗಳಲ್ಲಿ ಕಾಣುವ 0.0.0.0/0 (ಎಲ್ಲ ವಿಳಾಸಗಳೂ) ಎಂಬುದನ್ನು ಹಾಗೆಯೇ ನಕಲು ಮಾಡಿದರೆ ಅಂಗಡಿಯವರು ನೋಡುವ ವಿಡಿಯೊ ಕೂಡ ಘಟ್ಟ ಹತ್ತಿ ವಖಾರಿಯ ಮೂಲಕವೇ ಹೋಗಿಬರುತ್ತದೆ. ನಿಮಗೆ ಬೇಕಾದದ್ದು ಲೆಕ್ಕಪತ್ರ ಮಾತ್ರ. ಅಷ್ಟಕ್ಕೇ ದಾರಿ ಬಿಡಿ. ಕದ ತಟ್ಟುವ ಕಡೆಯಲ್ಲಿ, ಎಂದರೆ ಶಿರಸಿಯಲ್ಲಿ, ‘ಕೀಪ್‌ಅಲೈವ್’ 25 ಸೆಕೆಂಡ್ ಎಂದು ಹಾಕಿ. ಇಲ್ಲವಾದರೆ ಮಧ್ಯಾಹ್ನ ವ್ಯಾಪಾರ ತಣ್ಣಗಿದ್ದಾಗ ನಡುವಿನ ಯಂತ್ರಗಳು ಈ ಸಂಪರ್ಕವನ್ನು ಮರೆತುಬಿಡುತ್ತವೆ, ಆಮೇಲೆ ಕುಮಟೆಯಿಂದ ಎಷ್ಟು ಕರೆದರೂ ಶಿರಸಿಗೆ ಕೇಳಿಸುವುದಿಲ್ಲ. ಕಾಯುವ ಕಡೆಯಲ್ಲಿ ಯುಡಿಪಿ 51820 ಪೋರ್ಟ್ ತೆರೆದಿರಬೇಕು, ಮತ್ತು ಕಂಪನಿ ಕೊಟ್ಟ ಫೈಬರ್ ಪೆಟ್ಟಿಗೆಯ ಹಿಂದೆ ನಿಮ್ಮ ರೂಟರ್ ಇದ್ದರೆ ಆ ಪೆಟ್ಟಿಗೆಯಿಂದಲೂ ಅದೇ ಪೋರ್ಟನ್ನು ಮುಂದಕ್ಕೆ ಕಳಿಸಬೇಕು, ಅಥವಾ ಪೆಟ್ಟಿಗೆಯನ್ನು ಬ್ರಿಡ್ಜ್ ಸ್ಥಿತಿಗೆ (ಸಂಪರ್ಕವನ್ನು ನೇರ ನಿಮ್ಮ ರೂಟರ್‌ಗೆ ದಾಟಿಸುವ ಸ್ಥಿತಿಗೆ) ಹಾಕಿಸಿಕೊಳ್ಳಬೇಕು. ಈ ಪೋರ್ಟ್ ತೆರೆಯಲು 3389ರ ಹಾಗೆ ಹೆದರಬೇಕಾಗಿಲ್ಲ. ಸರಿಯಾದ ಕೀ ಇಲ್ಲದವರು ತಟ್ಟಿದರೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ, ಒಳಗೆ ಯಾರಾದರೂ ಇದ್ದಾರೆಂಬ ಸುಳಿವೂ ಸಿಗುವುದಿಲ್ಲ.

ಆ ಹಸಿರು ಗುರುತನ್ನು ನಂಬಬೇಡಿ. ಈ ಬದಿಯಲ್ಲಿ ಎಲ್ಲ ತುಂಬಿದೆ ಎಂಬುದಷ್ಟೇ ಅದರ ಅರ್ಥ. ನೋಡಬೇಕಾದದ್ದು ‘ಕೊನೆಯ ಹ್ಯಾಂಡ್‌ಶೇಕ್’ (ಎರಡೂ ರೂಟರ್‌ಗಳು ಕೊನೆಯ ಸಲ ಪರಸ್ಪರ ಗುರುತು ಹಿಡಿದ ಹೊತ್ತು) ಎಂಬ ಸಾಲನ್ನು: ಓಡಾಟವಿರುವಾಗ ಅದು ಸುಮಾರು ಎರಡು ನಿಮಿಷಕ್ಕೊಮ್ಮೆ ಹೊಸದಾಗುತ್ತದೆ. ಕಳಿಸಿದ ಬೈಟುಗಳು ಏರುತ್ತಾ, ಬಂದ ಬೈಟುಗಳು ಸೊನ್ನೆಯಲ್ಲೇ ನಿಂತಿದ್ದರೆ ವಿಳಾಸ, ಪೋರ್ಟ್ ಅಥವಾ ಕೀಯಲ್ಲಿ ತಪ್ಪಿದೆ. ಹ್ಯಾಂಡ್‌ಶೇಕ್ ಆಗುತ್ತಿದ್ದೂ ವಖಾರಿಯ ಕಂಪ್ಯೂಟರ್ ಸಿಗದಿದ್ದರೆ ರೂಟರನ್ನು ಬಿಟ್ಟು ಆ ಕಂಪ್ಯೂಟರ್‌ನ ಫೈರ್‌ವಾಲ್ ನೋಡಿ. ವಿಂಡೋಸ್‌ನಲ್ಲಿ ಕಡತ ಹಂಚಿಕೆಯಂಥವು ತಮ್ಮದೇ ಜಾಲದವರಿಗೆ ಮಾತ್ರ ಉತ್ತರ ಕೊಡುವಂತೆ ಮೊದಲಿನಿಂದಲೇ ಹೊಂದಿಸಿರುತ್ತವೆ. 192.168.30ರಿಂದ ಬಂದವರು ಅದಕ್ಕೆ ಹೊರಗಿನವರು. ಆ ವಿಳಾಸಗಳಿಗೂ ಅನುಮತಿ ಸೇರಿಸಿ.

ಪ್ರಶ್ನೆ: ಪೆಟ್ಟಿಗೆಯ ಮೇಲೆ ‘ವಿಪಿಎನ್ ಪಾಸ್‌ಥ್ರೂ ಸೌಲಭ್ಯ’ ಎಂದು ಬರೆದಿದ್ದನ್ನು ನೋಡಿ ರೂಟರ್ ಕೊಂಡೆ. ಒಳಗೆ ಎಲ್ಲಿ ಹುಡುಕಿದರೂ ವಿಪಿಎನ್ ಹಾಕುವ ಜಾಗ ಕಾಣುವುದಿಲ್ಲ.
– ಔಷಧ ಅಂಗಡಿಯವರು, ಅಂಕೋಲಾ

ಉತ್ತರ: ಪಾಸ್‌ಥ್ರೂ ಎಂದರೆ ನಿಮ್ಮ ಲ್ಯಾಪ್‌ಟಾಪ್ ತಾನೇ ಮಾಡಿಕೊಂಡ ವಿಪಿಎನ್ ಸಂಪರ್ಕವನ್ನು ರೂಟರ್ ತಡೆಯದೆ ಬಿಡುತ್ತದೆ ಎಂದಷ್ಟೇ. ರೂಟರೇ ವಿಪಿಎನ್ ಮಾಡಬೇಕಾದರೆ ಪೆಟ್ಟಿಗೆಯ ಮೇಲೆ ‘ವಿಪಿಎನ್ ಸರ್ವರ್’ ಅಥವಾ ‘ವಿಪಿಎನ್ ಕ್ಲೈಂಟ್’ ಎಂದಿರಬೇಕು: ಹೊರಗಿನಿಂದ ನಿಮ್ಮ ಅಂಗಡಿಗೆ ಬರಲು ಮೊದಲನೆಯದು, ಅಂಗಡಿಯಿಂದ ಬೇರೆಡೆಗೆ ಹೋಗಲು ಎರಡನೆಯದು. ಯಾವ ಬಗೆಯದೆಂಬುದನ್ನೂ ಓದಿಕೊಳ್ಳಿ. ಪಿಪಿಟಿಪಿ ಮಾತ್ರ ಇದ್ದರೆ ಬೇಡ. 1990ರ ದಶಕದ ಆ ವಿಧಾನದ ಪಾಸ್‌ವರ್ಡ್ ರಕ್ಷಣೆಯನ್ನು ಭೇದಿಸಬಹುದೆಂದು 2012ರಲ್ಲೇ ಬಹಿರಂಗವಾಗಿ ತೋರಿಸಿದ್ದಾರೆ. ಓಪನ್‌ವಿಪಿಎನ್ ಎಂಬ ಇನ್ನೊಂದು ಬಗೆ ನಂಬಿಕೆಗೆ ಯೋಗ್ಯ, ಆದರೆ ಸಣ್ಣ ರೂಟರ್‌ಗಳ ದುರ್ಬಲ ಪ್ರೊಸೆಸರ್‌ಗೆ ಅದು ಭಾರ. ವೈರ್‌ಗಾರ್ಡ್ 2020ರ ಮಾರ್ಚಿನಲ್ಲಿ ಬಂದ ಲಿನಕ್ಸ್ 5.6ರ ತಿರುಳಿನೊಳಗೇ ಸೇರಿಕೊಂಡಿದ್ದು, ಅದೇ ರೂಟರ್‌ನಲ್ಲಿ ಹೆಚ್ಚು ವೇಗ ಕೊಡುತ್ತದೆ. ಕೊಂಡ ಅಂಗಡಿಯವರು ಬದಲಿಸಿಕೊಡುವುದಾದರೆ ಬದಲಿಸಿಕೊಳ್ಳಿ.

ಪ್ರಶ್ನೆ: ಜೊಯಿಡಾ ಕಡೆ ನಮ್ಮದೊಂದು ಹೋಂಸ್ಟೇ ಇದೆ. ಕಾರವಾರದ ಮನೆಯಿಂದ ಅಲ್ಲಿನ ಕ್ಯಾಮೆರಾಗಳನ್ನು ವಿಪಿಎನ್ ಮೂಲಕ ನೋಡುತ್ತೇವೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ ಇಂಟರ್ನೆಟ್ ಬರುತ್ತದೆ, ವಿಪಿಎನ್ ಬರುವುದಿಲ್ಲ. ಅಡುಗೆಯವರಿಗೆ ಫೋನ್ ಮಾಡಿ ರೂಟರನ್ನು ಇನ್ನೊಮ್ಮೆ ಆಫ್ ಮಾಡಿ ಆನ್ ಮಾಡಿಸಿದರೆ ಸರಿಹೋಗುತ್ತದೆ. ಏಕೆ ಹೀಗೆ?
– ಹೋಂಸ್ಟೇ ಮಾಲೀಕರು, ಕಾರವಾರ

ಉತ್ತರ: ಎರಡನೇ ಸಲ ಆನ್ ಮಾಡಿದರೆ ಸರಿಹೋಗುತ್ತದೆ ಎಂಬ ನಿಮ್ಮ ಮಾತಿನಲ್ಲೇ ರೋಗದ ಗುರುತು ಇದೆ. ಕರೆಂಟ್ ಬಂದ ಕೂಡಲೇ ರೂಟರ್ ಎದ್ದು ನಿಲ್ಲುತ್ತದೆ, ಆದರೆ ಫೈಬರ್ ಪೆಟ್ಟಿಗೆಗೆ ಸಂಕೇತ ಹಿಡಿಯಲು ಇನ್ನಷ್ಟು ಹೊತ್ತು ಬೇಕು. ಆ ನಡುವಿನಲ್ಲಿ ರೂಟರ್ ನಿಮ್ಮ ಕಾರವಾರದ ಮನೆಯ ಡಿಡಿಎನ್‌ಎಸ್ ಹೆಸರಿಗೆ (ಬದಲಾಗುತ್ತಿರುವ ಐಪಿ ವಿಳಾಸವನ್ನು ಸೂಚಿಸುವ ಸ್ಥಿರ ಹೆಸರಿಗೆ) ವಿಳಾಸ ಹುಡುಕಲು ಹೋಗಿ, ಸಿಗದೆ, ಸುಮ್ಮನಾಗುತ್ತದೆ. ವೈರ್‌ಗಾರ್ಡ್ ಹೆಸರನ್ನು ವಿಳಾಸಕ್ಕೆ ತಿರುಗಿಸಿಕೊಳ್ಳುವುದು ಶುರುವಿನಲ್ಲಿ ಒಮ್ಮೆ ಮಾತ್ರ. ಆಮೇಲೆ ಇಂಟರ್ನೆಟ್ ಬಂದರೂ ಅದು ತಾನಾಗಿ ಮತ್ತೆ ಕೇಳುವುದಿಲ್ಲ. ಅಡುಗೆಯವರು ಎರಡನೇ ಸಲ ಆನ್ ಮಾಡುವಷ್ಟರಲ್ಲಿ ಫೈಬರ್ ಎದ್ದಿರುತ್ತದೆ, ಹೆಸರು ಸಿಗುತ್ತದೆ. ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಾಕಿದ ರೂಟರ್‌ಗಳಲ್ಲಿ ಇದಕ್ಕೆಂದೇ ನಿಮಿಷಕ್ಕೊಮ್ಮೆ ಹೆಸರನ್ನು ಮರುಪರಿಶೀಲಿಸುವ ಕಾವಲು ಸ್ಕ್ರಿಪ್ಟ್ ಸಿಗುತ್ತದೆ. ನಿಮ್ಮದರಲ್ಲಿ ಆ ಅನುಕೂಲ ಇಲ್ಲದಿದ್ದರೆ, ಕಾರವಾರದ ಮನೆಗೆ ಸ್ಥಿರ ವಿಳಾಸ ಪಡೆದು ಹೆಸರಿನ ಬದಲು ಅಂಕಿಯನ್ನೇ ತುಂಬಿ.

ಇದೇ ತೊಂದರೆ ಬೇರೆ ಕೆಲವರಿಗೆ ಇನ್ನೊಂದು ರೂಪದಲ್ಲಿ ಬರುತ್ತದೆ: ಏನೂ ಮಾಡದೆ ಹತ್ತು ನಿಮಿಷ ಕಾದರೆ ಸರಿಹೋಗುತ್ತದೆ. ಆಗ ಅನುಮಾನಿಸಬೇಕಾದದ್ದು ಗಡಿಯಾರವನ್ನು. ಮನೆಬಳಕೆಯ ಹೆಚ್ಚಿನ ರೂಟರ್‌ಗಳಲ್ಲಿ ಕರೆಂಟ್ ಹೋದರೂ ಸಮಯ ಕಾಯ್ದುಕೊಳ್ಳುವ ಬ್ಯಾಟರಿ ಇರುವುದಿಲ್ಲ. ಎದ್ದಾಗ ಅದು 1970ರಲ್ಲೋ, ತನ್ನ ತಂತ್ರಾಂಶ ತಯಾರಾದ ದಿನದಲ್ಲೋ ಇರುತ್ತದೆ. ಓಪನ್‌ವಿಪಿಎನ್ ಆದರೆ ಪ್ರಮಾಣಪತ್ರದ ಅವಧಿ ಇನ್ನೂ ಶುರುವಾಗಿಲ್ಲವೆಂದು ನಿರಾಕರಿಸುತ್ತದೆ. ವೈರ್‌ಗಾರ್ಡ್‌ನಲ್ಲಿ ಪ್ರತಿ ಹ್ಯಾಂಡ್‌ಶೇಕ್‌ಗೂ ಸಮಯದ ಮೊಹರು ಇರುತ್ತದೆ, ಮತ್ತು ಎದುರಿನ ರೂಟರ್ ಕೊನೆಯ ಸಲ ಕಂಡ ಮೊಹರಿಗಿಂತ ಹಿಂದಿನದು ಬಂದರೆ ಯಾರೋ ಹಳೆಯ ಸಂದೇಶವನ್ನು ಕದ್ದು ಮರಳಿ ಕಳಿಸಿದ್ದಾರೆಂದು ತಿಳಿದು ಎಸೆದುಬಿಡುತ್ತದೆ. ಇಂಟರ್ನೆಟ್‌ನಿಂದ ಸರಿಯಾದ ಸಮಯ ಬಂದ ಮೇಲಷ್ಟೇ ಬಾಗಿಲು ತೆರೆಯುತ್ತದೆ. ಎಲ್ಲ ಓಡಾಟವನ್ನೂ ಸುರಂಗದೊಳಗೇ ಹಾಯಿಸಿದವರಿಗಂತೂ ಸಮಯ ಕೇಳಲು ಸುರಂಗ ಬೇಕು, ಸುರಂಗ ತೆರೆಯಲು ಸಮಯ ಬೇಕು. ಕೀಲಿಕೈಯನ್ನು ಒಳಗಿಟ್ಟು ಪೆಟ್ಟಿಗೆಗೆ ಬೀಗ ಜಡಿದ ಸ್ಥಿತಿ. ರೂಟರ್‌ನ ಸ್ವಂತ ಸಮಯದ ಕೋರಿಕೆ ಮತ್ತು ಹೆಸರು ಹುಡುಕುವ ಕೋರಿಕೆಗಳನ್ನು ಸುರಂಗದ ಹೊರಗೆ ಬಿಟ್ಟರೆ ಈ ಕಗ್ಗಂಟು ಬಿಚ್ಚಿಕೊಳ್ಳುತ್ತದೆ.

ಇದೆಲ್ಲದಕ್ಕಿಂತ ಮೊದಲು, ಫೈಬರ್ ಪೆಟ್ಟಿಗೆಗೂ ರೂಟರ್‌ಗೂ 12 ವೋಲ್ಟಿನ ಚಿಕ್ಕ ಯುಪಿಎಸ್ ಹಾಕಿಸಿ. ಎರಡಕ್ಕೂ ಹಾಕಬೇಕು, ಒಂದಕ್ಕೆ ಮಾತ್ರ ಹಾಕಿ ಬಯ್ದುಕೊಂಡವರ ಪತ್ರಗಳೂ ನನ್ನಲ್ಲಿವೆ. ಅಡಾಪ್ಟರ್‌ನ ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರ್ ನೋಡಿಯೇ ಕೊಳ್ಳಿ, ಕೆಲವು ರೂಟರ್‌ಗಳು 9 ವೋಲ್ಟಿನವು.

ಪ್ರಶ್ನೆ: ವಿಪಿಎನ್ ಹಾಕಿದ ಮೇಲೆ ಮೆಸೇಜುಗಳು ಹೋಗುತ್ತವೆ, ಕೆಲವು ಜಾಲತಾಣಗಳು ಮಾತ್ರ ಅರ್ಧ ತೆರೆದು ನಿಂತುಬಿಡುತ್ತವೆ. ನಮ್ಮದು ಯೂಸರ್‌ನೇಮ್, ಪಾಸ್‌ವರ್ಡ್ ತುಂಬುವ ಪಿಪಿಪಿಒಇ ಸಂಪರ್ಕ.
– ಮನೆಯಿಂದಲೇ ಕೆಲಸ ಮಾಡುವ ಗೃಹಿಣಿ, ಹೊನ್ನಾವರ

ಉತ್ತರ: ಇಂಟರ್ನೆಟ್‌ನಲ್ಲಿ ಮಾಹಿತಿ ಸಾಗುವುದು ಪೊಟ್ಟಣಗಳಾಗಿ. ನಿಮ್ಮಲ್ಲಿ ಚಿಕ್ಕ ಪೊಟ್ಟಣಗಳು ದಾಟುತ್ತಿವೆ, ದೊಡ್ಡವು ಸಿಕ್ಕಿಕೊಳ್ಳುತ್ತಿವೆ. ಸಾಮಾನ್ಯ ಸಂಪರ್ಕದಲ್ಲಿ ಒಂದು ಪೊಟ್ಟಣದ ಗರಿಷ್ಠ ಗಾತ್ರ 1500 ಬೈಟ್. ಪಿಪಿಪಿಒಇ ಅದರಲ್ಲಿ 8 ಬೈಟ್ ತಿನ್ನುತ್ತದೆ, ವೈರ್‌ಗಾರ್ಡ್‌ನ ಹೊದಿಕೆಗೆ 80 ಬೈಟ್‌ವರೆಗೆ ಬೇಕು. ಹೆಚ್ಚಿನ ರೂಟರ್‌ಗಳು ವಿಪಿಎನ್‌ನ ಎಂಟಿಯು, ಎಂದರೆ ಪೊಟ್ಟಣದ ಗರಿಷ್ಠ ಗಾತ್ರ, 1420 ಎಂದು ತಾವೇ ತುಂಬಿಕೊಂಡಿರುತ್ತವೆ. ನಿಮ್ಮ ಸಂಪರ್ಕಕ್ಕೆ ವಿಪಿಎನ್‌ನ ಎಂಟಿಯು ಜಾಗದಲ್ಲಿ 1412 ಎಂದು ಬರೆದು, ‘ಎಂಎಸ್‌ಎಸ್ ಕ್ಲ್ಯಾಂಪಿಂಗ್’ ಎಂಬ ಆಯ್ಕೆ ಇದ್ದರೆ ಅದನ್ನೂ ಹಚ್ಚಿ. ಆಗಲೂ ನಿಂತರೆ 1380ಕ್ಕೆ ಇಳಿಸಿ ನೋಡಿ.

ಪ್ರಶ್ನೆ: ಹಣ ಕೊಟ್ಟು ಕೊಳ್ಳುವ ವಿಪಿಎನ್ ಸೇವೆಯನ್ನು ರೂಟರ್‌ನಲ್ಲೇ ಹಾಕಿದರೆ ಮನೆಯ ಎಲ್ಲ ಉಪಕರಣಗಳೂ ಸುರಕ್ಷಿತವೇ? ಇದು ಕಾನೂನುಬದ್ಧವೇ?
– ವಿದ್ಯಾರ್ಥಿ, ದಾಂಡೇಲಿ

ಉತ್ತರ: ಭಾರತದಲ್ಲಿ ವಿಪಿಎನ್ ಬಳಕೆಗೆ ಸಾಮಾನ್ಯ ನಿಷೇಧವಿಲ್ಲ, ಅದರ ಮೂಲಕ ಮಾಡುವ ಅಪರಾಧ ಅಪರಾಧವೇ. ಸೈಬರ್ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸಾರ್ವಜನಿಕರಿಗೆ ಸೇವೆ ಮಾರುವ ವಿಪಿಎನ್ ಕಂಪನಿಗಳು ಗ್ರಾಹಕರ ವಿವರಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕು. ಸಂಸ್ಥೆಗಳು ತಮ್ಮ ಸಿಬ್ಬಂದಿಗಾಗಿ ನಡೆಸುವ ಒಳ ವಿಪಿಎನ್‌ಗೆ ಇದು ಅನ್ವಯಿಸುವುದಿಲ್ಲವೆಂದು ಆಮೇಲೆ ಸ್ಪಷ್ಟಪಡಿಸಲಾಯಿತು. ಸುರಕ್ಷತೆಯ ವಿಷಯದಲ್ಲಿ ನಿಮ್ಮ ನಿರೀಕ್ಷೆ ಹೆಚ್ಚಾಯಿತು. ನಿಮ್ಮ ಇಂಟರ್ನೆಟ್ ಕಂಪನಿಗೆ ಕಾಣುತ್ತಿದ್ದುದು ಇನ್ನು ಮುಂದೆ ವಿಪಿಎನ್ ಕಂಪನಿಗೆ ಕಾಣುತ್ತದೆ, ಅಷ್ಟೇ ವ್ಯತ್ಯಾಸ. ಮೋಸದ ಕೊಂಡಿ ಒತ್ತಿದರೆ ಅದು ತಡೆಯುವುದಿಲ್ಲ. ರೂಟರ್‌ನ ತಂತ್ರಾಂಶವನ್ನು ಆಗಾಗ ನವೀಕರಿಸುವುದು ಅದಕ್ಕಿಂತ ಮುಖ್ಯ: 2018ರಲ್ಲಿ ಐವತ್ತಕ್ಕೂ ಹೆಚ್ಚು ದೇಶಗಳ ಸುಮಾರು 5 ಲಕ್ಷ ರೂಟರ್ ಮುಂತಾದ ಉಪಕರಣಗಳಿಗೆ ತಗುಲಿದ ಕುತಂತ್ರಾಂಶದ ಹೆಸರೇ ‘ವಿಪಿಎನ್‌ಫಿಲ್ಟರ್’. ಹೆಸರಿನಲ್ಲಿ ಬಿಟ್ಟರೆ ವಿಪಿಎನ್‌ಗೂ ಅದಕ್ಕೂ ಸಂಬಂಧವಿರಲಿಲ್ಲ.

ಪ್ರಶ್ನೆ: ನಮ್ಮ ಕಚೇರಿಯಲ್ಲಿ ಆರು ಜನರಿಗೂ ಒಂದೇ ವಿಪಿಎನ್ ಕಡತವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದೇವೆ. ಒಬ್ಬರು ಸಂಪರ್ಕಿಸಿದರೆ ಇನ್ನೊಬ್ಬರದು ಕಡಿದುಹೋಗುತ್ತದೆ. ಕಳೆದ ತಿಂಗಳು ಒಬ್ಬರು ಕೆಲಸ ಬಿಟ್ಟಿದ್ದಾರೆ. ಅವರ ಫೋನಿನಲ್ಲಿ ಆ ಕಡತ ಇನ್ನೂ ಇರಬಹುದು.
– ಸಹಕಾರಿ ಸಂಘವೊಂದರ ಕಾರ್ಯದರ್ಶಿ, ಸಿದ್ದಾಪುರ

ಉತ್ತರ: ಕಡಿದುಹೋಗುವುದಕ್ಕೂ ನಿಮ್ಮ ಆತಂಕಕ್ಕೂ ಕಾರಣ ಒಂದೇ, ಆರು ಜನರಿಗೆ ಒಂದೇ ಕೀ. ರೂಟರ್‌ನ ಲೆಕ್ಕದಲ್ಲಿ ಆರೂ ಜನ ಒಬ್ಬನೇ ವ್ಯಕ್ತಿ; ಕೊನೆಯದಾಗಿ ಮಾತಾಡಿದವರು ಎಲ್ಲಿದ್ದಾರೋ ಅಲ್ಲಿಗೇ ಅದು ಉತ್ತರ ಕಳಿಸುತ್ತದೆ, ಉಳಿದವರು ಕಾಯುತ್ತಾರೆ. ಪ್ರತಿ ಉಪಕರಣಕ್ಕೂ ಬೇರೆ ಕೀ, ಬೇರೆ ಸುರಂಗ ವಿಳಾಸ ಕೊಡಿ. ಸಿಬ್ಬಂದಿಯ ಹಾಜರಿ ಪುಸ್ತಕದ ಹಾಗೆ ಒಂದು ನೋಟ್‌ಬುಕ್ಕಿನಲ್ಲಿ 10.9.0.11 ಯಾರ ಫೋನ್, 10.9.0.12 ಯಾವ ಲ್ಯಾಪ್‌ಟಾಪ್ ಎಂದು ತಾರೀಕಿನ ಸಮೇತ ಬರೆದಿಡಿ. ಕೀಯನ್ನು ಮಾತ್ರ ಅಲ್ಲಿ ಬರೆಯಬೇಡಿ. ಕ್ಯೂಆರ್ ಸಂಕೇತವನ್ನು ಕಚೇರಿಯ ಪರದೆಯ ಮೇಲೆ ತೋರಿಸಿ ಅವರ ಫೋನಿನಿಂದಲೇ ಹಿಡಿಸಿಕೊಂಡರೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಪ್ರಸಂಗವೇ ಬರುವುದಿಲ್ಲ. ಆರು ಜನರಿಗೂ ಹೊಸ ಕೀ ತಲುಪಿದ ಸಂಜೆ ಹಳೆಯ ಕೀ ಇರುವ ಪೀರ್ (ಸಂಪರ್ಕದಾರ) ಸಾಲನ್ನು ರೂಟರ್‌ನಿಂದ ಅಳಿಸಿ ‘ಉಳಿಸು’ ಒತ್ತಿ. ಕೆಲಸ ಬಿಟ್ಟವರ ಫೋನಿನಲ್ಲಿ ಕಡತ ಇದ್ದರೂ ಆಮೇಲೆ ಅದರಿಂದ ಕದ ತೆರೆಯುವುದಿಲ್ಲ.